ಮನಸ್ಸಿನ ಯಜಮಾನಿಕೆ ಸಡಿಲವಾಗಿದೆಯೇ? ಅಳೆಯುವ ಕ್ರಮ ಹೀಗಿದೆ

ಗಾಂಧಿ ಬಜಾರಿನಲ್ಲಿ ಹೂವು ಕೊಂಡು, ದಾರಿಯಲ್ಲೇ ಬ್ಯಾಂಕಿನ ಕೆಲಸ ಮುಗಿಸಿ, ಮಳೆ ಹಿಡಿದುಕೊಂಡದ್ದರಿಂದ ಬಸ್ಸಿಗೆ ಕಾಯದೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಮಾತ್ರೆ ನುಂಗುವ ಹೊತ್ತಿಗೆ ಸರಿಯಾಗಿ ಮನೆ ಸೇರುವ ಎಪ್ಪತ್ತರ ಹಿರಿಯರೊಬ್ಬರನ್ನು ಊಹಿಸಿಕೊಳ್ಳಿ. ಇಲ್ಲಿ ದುಡಿದದ್ದು ನೆನಪಿನ ಶಕ್ತಿಯೊಂದೇ ಅಲ್ಲ. ಮುಂದಿನದನ್ನು ಯೋಜಿಸುವುದು, ಪರಿಸ್ಥಿತಿ ಬದಲಾದಾಗ ದಾರಿ ಬದಲಿಸುವುದು, ಅಭ್ಯಾಸಬಲದಿಂದ ಕೈ ಹೋಗುವ ಕಡೆಯಿಂದ ಅದನ್ನು ತಡೆಯುವುದು, ಇವನ್ನೆಲ್ಲ ಮನಃಶಾಸ್ತ್ರಜ್ಞರು ಒಟ್ಟಾಗಿ ಕಾರ್ಯನಿರ್ವಾಹಕ ಸಾಮರ್ಥ್ಯ ಎನ್ನುತ್ತಾರೆ; ಮನಸ್ಸಿನ ಯಜಮಾನಿಕೆ ಎಂದದ್ದು ಇದನ್ನೇ. ಮಿದುಳಿನ ಮುಂಭಾಗಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ವಯಸ್ಸಾದಂತೆ ಇದು ಬದಲಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಲದು. ಬದಲಾವಣೆ ಎಂದರೆ ಎರಡು ಅಳತೆಗಳ ನಡುವಿನ ಅಂತರ. ಆ ಅಂತರದೊಳಗೆ ಸೇರಿಕೊಂಡಿರುವ ಬೇರೆ ಸಂಗತಿಗಳನ್ನು ಒಂದೊಂದಾಗಿ ಕಳೆಯುವುದೇ ಈ ಕೆಲಸದ ಬಹುಪಾಲು.

ಮೊದಲು ಆಗಬೇಕಾದದ್ದು ತಕ್ಕ ಪರೀಕ್ಷೆಗಳ ಆಯ್ಕೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2004ರಲ್ಲಿ ರೂಪಿಸಿದ ನರಮನಃಶಾಸ್ತ್ರೀಯ ಪರೀಕ್ಷಾ ಮಾಲೆಯಲ್ಲಿ ಇದಕ್ಕೆಂದೇ ಹಲವು ಪರೀಕ್ಷೆಗಳಿವೆ. 1935ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಸ್ಟ್ರೂಪ್ ಪ್ರಕಟಿಸಿದ ಪರೀಕ್ಷೆಯನ್ನೇ ನೋಡಿ: ‘ಕೆಂಪು’ ಎಂಬ ಪದ ಹಸಿರು ಶಾಯಿಯಲ್ಲಿ ಅಚ್ಚಾಗಿರುತ್ತದೆ, ಪದವನ್ನು ಓದದೆ ಶಾಯಿಯ ಬಣ್ಣವನ್ನು ಹೇಳಬೇಕು. ಓದುವ ಚಟವನ್ನು ಎಷ್ಟು ಹತೋಟಿಯಲ್ಲಿಡಬಲ್ಲಿರಿ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಓದು ಬರಹ ಸರಾಗವಲ್ಲದವರಿಗೆ ಆ ಚಟವೇ ಇಲ್ಲವಾದ್ದರಿಂದ ಅವರ ಅಂಕಕ್ಕೆ ಅರ್ಥವಿಲ್ಲ. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಬಸ್ಸಿನ ನಂಬರು ಓದಬಲ್ಲವರಿಗೆ ಬಣ್ಣದ ಜಾಡಿನ ಪರೀಕ್ಷೆ ಹೆಚ್ಚು ಹೊಂದುತ್ತದೆ. ಅಲ್ಲಿ ಅಕ್ಷರಗಳಿಲ್ಲ, 1ರಿಂದ 25ರವರೆಗಿನ ಅಂಕಿಗಳಿರುವ ವೃತ್ತಗಳನ್ನು ಕ್ರಮವಾಗಿ ಗೆರೆ ಎಳೆದು ಜೋಡಿಸುತ್ತಾ ಹೋಗಬೇಕು. ಒಂದು ನಿಮಿಷದಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳುವ ಪರೀಕ್ಷೆಯೂ ಇದೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡಿಕೊಂಡು ಬಂದ ಬೆಂಗಳೂರಿಗರಿಗೆ ಇಲ್ಲೊಂದು ಎಚ್ಚರಿಕೆ ಬೇಕು: ಮೊದಲ ಸಲ ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯಿತೋ ಮುಂದಿನ ಸಲವೂ ಅದರಲ್ಲೇ ನಡೆಯಬೇಕು.

ಎರಡನೆಯದು ಬುನಾದಿ ಅಳತೆ. ತೊಂದರೆ ಕಾಣಿಸಿಕೊಳ್ಳುವ ಮೊದಲೇ, ಐವತ್ತೈದು ಅರವತ್ತರ ಸುಮಾರಿಗೆ ಮಾಡಿಸಿಟ್ಟುಕೊಂಡರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕನ್ನಡಕ, ಕಿವಿಯ ಯಂತ್ರ ಜೊತೆಗಿರಲಿ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯಾಗಿರಲಿ. ಹಿರಿಯರಲ್ಲಿ ಅನೇಕರು ಬೆಳಗಿನ ಹೊತ್ತು ಚುರುಕಾಗಿರುವುದರಿಂದ ಎರಡು ಸಲವೂ ಅದೇ ವೇಳೆಯನ್ನು ಕೇಳಿ ಪಡೆಯಬೇಕು. ಒಮ್ಮೆ ಬೆಳಿಗ್ಗೆ ಹತ್ತಕ್ಕೆ, ಇನ್ನೊಮ್ಮೆ ಮುದ್ದೆಯೂಟ ಮುಗಿಸಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಸಿಗುವುದು ವಯಸ್ಸಿನ ಲೆಕ್ಕವಲ್ಲ.

ಮೂರನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು. ವಯಸ್ಸಾದಂತೆ ಎಲ್ಲ ಕೆಲಸಗಳೂ ನಿಧಾನವಾಗುತ್ತವೆ; ಈ ನಿಧಾನವನ್ನೇ ಯಜಮಾನಿಕೆಯ ಕುಸಿತವೆಂದು ಎಣಿಸಬಾರದು. ಬಣ್ಣದ ಜಾಡಿನ ಪರೀಕ್ಷೆಯ ಮೊದಲ ಭಾಗದಲ್ಲಿ ಅಂಕಿಗಳನ್ನು ಸುಮ್ಮನೆ ಜೋಡಿಸಿದರೆ ಸಾಕು. ಎರಡನೆಯ ಭಾಗದಲ್ಲಿ ಗುಲಾಬಿ ಮತ್ತು ಹಳದಿ ಬಣ್ಣಗಳನ್ನು ಒಂದಾದ ಮೇಲೊಂದರಂತೆ ಬದಲಿಸುತ್ತಾ ಜೋಡಿಸಬೇಕು. ಉದಾಹರಣೆಗೆ, ಒಬ್ಬರಿಗೆ ಮೊದಲ ವರ್ಷ 50 ಮತ್ತು 110 ಸೆಕೆಂಡು ಹಿಡಿದಿದ್ದು, ಕೆಲವು ವರ್ಷಗಳ ನಂತರ 70 ಮತ್ತು 130 ಸೆಕೆಂಡು ಹಿಡಿಯಿತೆನ್ನಿ. ಎರಡು ಸಲವೂ ವ್ಯತ್ಯಾಸ 60 ಸೆಕೆಂಡೇ; ಕೈ ಕಣ್ಣು ನಿಧಾನವಾಗಿವೆ, ಮನಸ್ಸನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವ ಶಕ್ತಿಯಲ್ಲಿ ಹೆಚ್ಚೇನೂ ಕಡಿಮೆಯಾದಂತಿಲ್ಲ. ಅದೇ 55 ಮತ್ತು 160 ಆಗಿದ್ದರೆ ವ್ಯತ್ಯಾಸ 105ಕ್ಕೆ ಏರಿತು, ಆಗ ಯೋಚಿಸಬೇಕು.

ಆ ಮೇಲೆ ಅಭ್ಯಾಸದ ಫಲವನ್ನು ಕಳೆಯಬೇಕು. ಒಮ್ಮೆ ಬರೆದ ಪರೀಕ್ಷೆಯನ್ನು ಮತ್ತೆ ಬರೆದರೆ ಅಂಕ ತಾನಾಗಿ ಏರುವುದುಂಟು, ಆ ಏರಿಕೆ ನಿಜವಾದ ಇಳಿಕೆಯನ್ನು ಮುಚ್ಚಿಹಾಕುತ್ತದೆ. 1948ರ ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆಯಲ್ಲಂತೂ ಕಾರ್ಡುಗಳನ್ನು ಬಣ್ಣ, ಆಕಾರ, ಸಂಖ್ಯೆ ಇವುಗಳಲ್ಲಿ ಯಾವುದರ ಪ್ರಕಾರ ವಿಂಗಡಿಸಬೇಕೆಂಬ ಗುಟ್ಟಾದ ನಿಯಮವನ್ನು ಕಂಡುಹಿಡಿಯುವುದೇ ಸವಾಲು; ನಿಯಮ ಬದಲಾಗುತ್ತದೆ ಎಂದು ಒಮ್ಮೆ ಗೊತ್ತಾದವರಿಗೆ ಎರಡನೆಯ ಸಲ ಅದು ಅದೇ ಪರೀಕ್ಷೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಕನಿಷ್ಠ ಒಂದು ವರ್ಷದ ಅಂತರವಿರಲಿ, ಅದೇ ಬಗೆಯ ಬೇರೆ ಪ್ರಶ್ನೆಗಳಿರುವ ಬದಲಿ ಪ್ರತಿ ಇದ್ದರೆ ಪರೀಕ್ಷಕರು ಅದನ್ನು ಬಳಸಲಿ. ತಂದೆ ತಾಯಿಗೆ ಮೊಬೈಲಿನಲ್ಲಿ ಇಂಥ ಆಟಗಳನ್ನೇ ಆಡಿಸಿ ಪರೀಕ್ಷೆಗೆ ‘ತಯಾರಿ’ ಮಾಡಿಸುವ ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಅಳತೆಗೋಲನ್ನು ಮುರಿಯುತ್ತಿರುತ್ತಾರೆ.

ಇಷ್ಟಾದರೂ ಉಳಿಯುವ ಅಂತರ ಆಕಸ್ಮಿಕವೋ, ನಿಜವೋ? ಅದಕ್ಕೊಂದು ಲೆಕ್ಕವಿದೆ. ಪರೀಕ್ಷೆಯ ಪ್ರಮಾಣ ವಿಚಲನೆ (ಜನರ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 10, ಮರುಪರೀಕ್ಷೆಯ ವಿಶ್ವಾಸಾರ್ಹತೆ (ಎರಡು ಸಲದ ಅಂಕಗಳು ಎಷ್ಟು ಹೊಂದುತ್ತವೆ ಎಂಬುದು; ಪೂರ್ತಿ ಹೊಂದಿದರೆ 1) 0.75 ಎಂದಿಟ್ಟುಕೊಂಡರೆ, ಒಂದು ಅಳತೆಯ ದೋಷ 5, ಎರಡು ಅಳತೆಗಳ ಅಂತರದ ದೋಷ ಸುಮಾರು 7.1, ಇದನ್ನು 1.96ರಿಂದ ಗುಣಿಸಿದರೆ ಸುಮಾರು 14 ಬರುತ್ತದೆ; ಆಕಸ್ಮಿಕ ಅಂತರ ನೂರರಲ್ಲಿ ತೊಂಬತ್ತೈದು ಸಲ ಇದರೊಳಗೇ ಇರುತ್ತದೆ. ಅಂದರೆ ಇಂಥ ಪರೀಕ್ಷೆಯಲ್ಲಿ ಎಂಟೋ ಹತ್ತೋ ಅಂಕ ಇಳಿದದ್ದನ್ನು ಇಳಿಕೆಯೆಂದು ಸಾರಲು ಆಧಾರವಿಲ್ಲ.

ಬುನಾದಿ ಅಳತೆ ಇಲ್ಲದವರನ್ನು ಓರಗೆಯವರ ಸರಾಸರಿಯೊಂದಿಗೆ ಹೋಲಿಸುವುದು ವಾಡಿಕೆ. ಓರಗೆಯವರೆಂದರೆ ವಯಸ್ಸಿನಲ್ಲಿ ಮಾತ್ರವಲ್ಲ, ಓದಿನಲ್ಲೂ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅಜ್ಜಿಯನ್ನು ಎಂಜಿನಿಯರ್ ಮೊಮ್ಮಗನ ಪಕ್ಕ ನಿಲ್ಲಿಸಿದರೆ ಕಾಣುವ ಅಂತರದಲ್ಲಿ ಬಹುಪಾಲು ಶಾಲೆಯದು. ಬೇರೆ ಬೇರೆ ವಯಸ್ಸಿನವರನ್ನು ಒಮ್ಮೆಲೇ ಹೋಲಿಸಿದರೆ ಕುಸಿತ ಇರುವುದಕ್ಕಿಂತ ಬೇಗ ಶುರುವಾದಂತೆ ಕಾಣುತ್ತದೆ ಎಂಬುದನ್ನು, ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದ, 1956ರಲ್ಲಿ ಆರಂಭವಾದ ಅಮೆರಿಕದ ಸಿಯಾಟಲ್ ಅಧ್ಯಯನ ತೋರಿಸಿಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವೂ ಬೆಂಗಳೂರಿನವರನ್ನು ಮತ್ತು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಜನರನ್ನು, 45 ದಾಟಿದವರನ್ನು, ಹೀಗೆಯೇ ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ.

ಕೊನೆಗೆ ಮನೆಯವರ ಸಾಕ್ಷ್ಯ. ಕರೆಂಟ್ ಬಿಲ್ಲು ಕಟ್ಟುವುದು, ನಾಲ್ಕು ಬಗೆಯ ಅಡುಗೆಯನ್ನು ಒಂದೇ ಹೊತ್ತಿಗೆ ಮುಗಿಸುವುದು ಮೊದಲಿನಂತೆ ನಡೆಯುತ್ತಿದೆಯೇ ಎಂದು ಪರೀಕ್ಷಕರು ಕೇಳುತ್ತಾರೆ. ಎಂದೂ ಬ್ಯಾಂಕಿಗೆ ಹೋಗದವರು ಇಂದೂ ಹೋಗಲಾರರು ಎಂಬುದನ್ನು ಕುಸಿತವೆಂದು ಬರೆಸಬೇಡಿ. ಇಳಿಕೆ ನಿಜವೆಂದು ಕಂಡರೂ ಖಿನ್ನತೆ, ಥೈರಾಯ್ಡ್, ಬಿ12 ಕೊರತೆ, ನಿದ್ದೆಮಾತ್ರೆ ಇವುಗಳಲ್ಲಿ ಯಾವುದಾದರೂ ಕಾರಣವೇ ಎಂದು ವೈದ್ಯರಿಂದ ತಪಾಸಣೆಯಾಗಬೇಕು. ವರದಿ ಪಡೆಯುವಾಗ ‘ಸಾಮಾನ್ಯ’ ಎಂಬ ಒಂದೇ ಪದಕ್ಕೆ ಒಪ್ಪದೆ, ಪ್ರತಿ ಪರೀಕ್ಷೆಗೆ ಹಿಡಿದ ಸೆಕೆಂಡುಗಳನ್ನೂ ಮಾಡಿದ ತಪ್ಪುಗಳ ಸಂಖ್ಯೆಯನ್ನೂ ಬರೆದುಕೊಡಲು ಕೇಳಿ; ಮುಂದಿನ ಸಲ ಪರೀಕ್ಷಿಸುವವರಿಗೆ ಲೆಕ್ಕ ಹಾಕಲು ಬೇಕಾಗುವುದು ಅವೇ ಅಂಕಿಗಳು.