ಊರಲ್ಲಿ ಕೆಲಸ ಇದೆ, ವರ್ಷವಿಡೀ ಇಲ್ಲ: ದೋಟಿ ತಂಡ ಕಟ್ಟಿದ ನನ್ನ ಅನುಭವ

ನಮ್ಮ ಸಾಗರದ ಕಡೆ ಎರಡು ಮಾತು ಯಾವಾಗಲೂ ಒಟ್ಟಿಗೇ ಕೇಳುತ್ತವೆ. ತೋಟದ ಯಜಮಾನರು "ಆಳೇ ಸಿಗಲ್ಲ ಮಾರಾಯ" ಅನ್ನುತ್ತಾರೆ. ಅದೇ ಊರಿನ ಹುಡುಗರು "ಇಲ್ಲಿ ಎಂತ ಕೆಲಸ ಇದೆ" ಅಂತ ಬೆಂಗಳೂರು ಬಸ್ಸು ಹತ್ತುತ್ತಾರೆ. ನಾನು ಗೂಡ್ಸ್ ಆಟೋ ಓಡಿಸುತ್ತಿದ್ದವನು. ಅಡಿಕೆ ಮೂಟೆ, ಗೊಬ್ಬರ, ಆಳು ಎಲ್ಲವನ್ನೂ ಸಾಗಿಸಿದ್ದೇನೆ. ಹಾಗಾಗಿ ಇಬ್ಬರು ಹೇಳುವುದೂ ನಿಜ ಅಂತ ನನಗೆ ಗೊತ್ತಿತ್ತು. ಅಡಿಕೆ ಕೊಯ್ಲಿನ ನಾಲ್ಕು ತಿಂಗಳು ಒಬ್ಬ ಆಳಿಗೆ ಮೂರು ಮನೆಯಿಂದ ಫೋನು. ಬೇಸಿಗೆ ಬಂದರೆ ಅದೇ ಆಳಿಗೆ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ. ಬೈಕಿಗೆ ಸಾಲ ತೆಗೆದವನು ತಿಂಗಳು ತಿಂಗಳೂ ಕಂತು ಕಟ್ಟಬೇಕಲ್ವಾ? ಕೊಯ್ಲಿನ ತಿಂಗಳಲ್ಲಿ ಮಾತ್ರ ಕಟ್ಟಿ ಅಂತ ಯಾವ ಬ್ಯಾಂಕೂ ಹೇಳಲ್ಲ.

ಹಾಗಾಗಿ ಅಡಿಕೆ ತೋಟದ ಕೆಲಸಕ್ಕೆ ತಂಡ ಕಟ್ಟಲು ಹೊರಟಾಗ ನಾನು ಕೂಲಿ ಲೆಕ್ಕ ಹಾಕುವ ಮೊದಲು ಕ್ಯಾಲೆಂಡರ್ ಹಿಡಿದು ಕೂತೆ.

ಇದಕ್ಕೆಲ್ಲ ದಾರಿ ಮಾಡಿಕೊಟ್ಟದ್ದು ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದನೆಯ ಕೊಯ್ಲಿನ ಕೋಲು. ಮೊದಲು ಮರ ಹತ್ತುವ ಕೊನೆಗೌಡ ಇಲ್ಲದೆ ಕೊಯ್ಲೇ ಇಲ್ಲ. ಕಾಲಿಗೆ ತಳೆ ಹಾಕಿ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ, ಗೊನೆಯನ್ನು ಹಗ್ಗದ ಮೇಲೆ ಜಾರಿಸಿ ಕೆಳಗೆ ಬಿಡುತ್ತಿದ್ದರು. ಆ ಕಲೆ ಗೊತ್ತಿದ್ದವರಿಗೆ ವಯಸ್ಸಾಯಿತು. ಅವರ ಮಕ್ಕಳು ಕಲಿಯಲಿಲ್ಲ. ಕಲಿಯಲಿ ಅಂತ ಅವರಿಗೂ ಇರಲಿಲ್ಲ. ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು. ಒಂದರೊಳಗೊಂದು ತೂರಿದ ಕೊಳವೆಗಳನ್ನು ಬೇಕಾದಷ್ಟು ಎಳೆದು ಕ್ಲಿಪ್ ಹಾಕುವುದು, ತುದಿಯ ಕತ್ತಿಯನ್ನು ಗೊನೆಯ ಬುಡಕ್ಕೆ ಸಿಕ್ಕಿಸಿ ಒಂದೇ ಸಲ ಜಗ್ಗುವುದು. ಕೆಳಗೆ ಬಲೆ ಹಿಡಿದವರು ತಪ್ಪದೆ ನಿಲ್ಲಬೇಕು.

ನೋಡಲು ಸುಲಭ. ಆದರೆ ಮೊದಲ ವಾರ ಕುತ್ತಿಗೆ ಹಿಡಿದುಕೊಳ್ಳುತ್ತದೆ, ದಿನವಿಡೀ ಮೇಲೆ ನೋಡಿ ಕಣ್ಣು ಉರಿಯುತ್ತದೆ. ಉದ್ದ ಬಿಟ್ಟ ದೋಟಿ ಗಾಳಿಗೆ ಬಾಗುತ್ತದೆ. ಅದನ್ನು ಬರೀ ತೋಳಿನ ಬಲದಿಂದ ಹಿಡಿಯಲು ಹೋದರೆ ಮಧ್ಯಾಹ್ನಕ್ಕೇ ಸುಸ್ತು. ಸೊಂಟಕ್ಕೆ ಆನಿಸಿಕೊಂಡು, ಮರಕ್ಕೆ ಹತ್ತಿರ ನಿಂತು ಹಿಡಿಯಬೇಕು. ನಾನು ತಂಡಕ್ಕೆ ಮೊದಲು ಸೇರಿಸಿಕೊಂಡದ್ದೇ ಮರ ಹತ್ತುವುದು ಬಿಟ್ಟಿದ್ದ ಒಬ್ಬ ಹಿರಿಯ ಕೊನೆಗೌಡರನ್ನು. ಯಾವ ಗೊನೆ ಬಲಿತಿದೆ, ಯಾವುದನ್ನು ಇನ್ನೊಂದು ವಾರ ಬಿಡಬೇಕು ಅಂತ ಕೆಳಗಿಂದಲೇ ಹೇಳುತ್ತಾರೆ. ಹಸಿಯಾಗಿ ಕೊಯ್ದು, ಸುಲಿದು, ಬೇಯಿಸಿ ಒಣಗಿಸುವ ಕೆಂಪಡಿಕೆಗೆ ಅದು ಮುಖ್ಯ. ಜಾಸ್ತಿ ಬಲಿತರೆ ರಾಶಿ ಅನ್ನುವ ಒಳ್ಳೆ ದರ್ಜೆ ಹೋಗಿ ಗೊರಬಲು ಅನ್ನುವ ಕಡಿಮೆ ದರ್ಜೆ ಆಗುತ್ತದೆ, ರೇಟು ಬಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಕಾರ್ಬನ್ ಫೈಬರ್‌ನಲ್ಲಿ ಕರೆಂಟು ಹರಿಯುತ್ತದೆ. ತೋಟದೊಳಗೆ ಲೈನ್ ಹಾದುಹೋಗಿದ್ದರೆ ಕೆಲಸಕ್ಕೆ ಮೊದಲು ಯಜಮಾನರ ಜೊತೆ ಒಂದು ಸುತ್ತು ಹಾಕುತ್ತೇನೆ. ಲೈನ್ ಹತ್ತಿರದ ಮರಗಳಿಗೆ ಕೆಂಪು ಪ್ಲಾಸ್ಟಿಕ್ ಕಟ್ಟುತ್ತೇವೆ. ಕರೆಂಟು ತೆಗೆಸುವ ತನಕ ಆ ಮರ ಮುಟ್ಟುವ ಹಾಗಿಲ್ಲ. "ನಾಲ್ಕು ಮರಕ್ಕೆ ಎಂತ ಮಾಡ್ತ್ಯ ಮಾರಾಯ" ಅಂದವರ ತೋಟದಿಂದ ಹಾಗೇ ವಾಪಸ್ ಬಂದದ್ದೂ ಇದೆ. ಜೊತೆಗೆ ಎಲ್ಲರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇನೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಸಾಲುವಷ್ಟಲ್ಲ, ಆದರೆ ಮೊದಲು ಅದೂ ಇರಲಿಲ್ಲ.

ಈಗ ಕ್ಯಾಲೆಂಡರಿಗೆ ಬರೋಣ. ಮೇ ಕೊನೆಯಿಂದ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣದ ಸಿಂಪಡಣೆ. ಮಳೆ ಜೋರಾಗುವ ಮೊದಲು ಒಂದು ಸಲ ಹೊಡೆಯದಿದ್ದರೆ ಕೊಳೆ ರೋಗ ಬಿಡಲ್ಲ. ನಲವತ್ತು ದಿನ ಬಿಟ್ಟು ಎರಡನೇ ಸಲ. ದೋಟಿಗೆ ಪೈಪು ಕಟ್ಟಿದರೆ ಅದಕ್ಕೂ ಮರ ಹತ್ತಬೇಕಿಲ್ಲ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಹಳೆಯದಾಗಿದ್ದರೆ ಆ ಲೆಕ್ಕ ನಿಲ್ಲಲ್ಲ. ದ್ರಾವಣದಲ್ಲಿ ಕತ್ತಿ ಅದ್ದಿ ನೋಡಬೇಕು. ಕೆಂಪಗೆ ತಾಮ್ರದ ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಮಳೆ ಬಿಡುವು ಕೊಟ್ಟಾಗ ಕಳೆ ಹೊಡೆಯುವುದು. ಅಕ್ಟೋಬರ್ ಹೊತ್ತಿಗೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಅದು ಮುಗಿಯುತ್ತಿದ್ದ ಹಾಗೆ ಕಾಳುಮೆಣಸು. ಆಮೇಲೆ ಬಸಿಗಾಲುವೆ ತೆಗೆಯುವುದು, ಮಣ್ಣು ಹಾಕುವುದು, ಸೊಪ್ಪಿನಬೆಟ್ಟದಿಂದ ದರಗು (ಒಣ ಎಲೆ) ತರುವುದು.

ಇಷ್ಟನ್ನೂ ಬೇರೆ ಬೇರೆ ಜನ ಮಾಡುತ್ತಿದ್ದರು. ನಾನು ಮನೆ ಮನೆಗೆ ಹೋಗಿ ಕೇಳಿದ್ದು ಒಂದೇ. ಕೊಯ್ಲಿಗೆ ನಮ್ಮ ತಂಡ ಬೇಕಾದರೆ ಬೇಸಿಗೆ ಕೆಲಸವನ್ನೂ ನಮಗೇ ಕೊಡಿ. ಮೊದಲು ಮುಖ ಗಂಟಿಕ್ಕಿದರು. ನವೆಂಬರಿನಲ್ಲಿ ಆಳಿಗಾಗಿ ಅಲೆಯುವುದು ತಪ್ಪುತ್ತದೆ ಅಂತ ಗೊತ್ತಾದ ಮೇಲೆ ಒಪ್ಪಿದರು. ಸಣ್ಣ ತೋಟದವರು ಬೇಗ ಒಪ್ಪಿದರು. ದೊಡ್ಡ ತೋಟದವರು ಹಸಿ ಅಡಿಕೆಯನ್ನೇ ಚೇಣಿಗೆ (ಫಸಲು ಗುತ್ತಿಗೆಗೆ) ಕೊಟ್ಟು ಕೈತೊಳೆದುಕೊಳ್ಳುವುದು ಜಾಸ್ತಿಯಾಗಿದೆ. ಚೇಣಿದಾರರು ಹೊರಗಿನಿಂದ ತಮ್ಮದೇ ಜನ ತರುತ್ತಾರೆ. ಅಲ್ಲಿ ನಮಗೆ ಜಾಗ ಇಲ್ಲ.

ಸುಲಿಯುವ ಮಿಷಿನ್ ತಂದಾಗ ಊರಿನ ಹೆಂಗಸರಿಗೆ ಬೇಜಾರಾಯಿತು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ತನಕ ಸುಲಿದರೆ ಅದು ಅವರ ಕೈಗೇ ಬರುವ ದುಡ್ಡು, ಗಂಡನ ಲೆಕ್ಕಕ್ಕೆ ಸೇರದ್ದು. "ಮಿಷಿನ್ ಬಂತಂದ್ರೆ ನಮ್ಮ ಕತೆ ಎಂತದಾ ತಮ್ಮಾ" ಅಂತ ಒಬ್ಬ ಅಮ್ಮ ನೇರ ಕೇಳಿದರು. ಮಿಷಿನ್ ಎಲ್ಲವನ್ನೂ ಪೂರ್ತಿ ಸುಲಿಯಲ್ಲ. ಸಿಪ್ಪೆ ಉಳಿದದ್ದು, ಒಡೆದದ್ದು ಆರಿಸಬೇಕು. ಆ ಕೆಲಸಕ್ಕೆ, ಬೇಯಿಸಿ ಒಣಗಿಸಲು, ದಿನಗೂಲಿ ಕೊಟ್ಟು ಕರೆದೆ. ಎಲ್ಲರಿಗೂ ಕೆಲಸ ಸಿಕ್ಕಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕತ್ತಿಯಲ್ಲಿ ಹತ್ತು ಜನ ಕೂರುತ್ತಿದ್ದ ಮನೆಯಲ್ಲಿ ಈಗ ಮೂವರು ಸಾಕು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರು ತೋಟಕ್ಕೆ ಬರಲ್ಲ ಅಂತ ಕೆಲವರು ಗೊಣಗುತ್ತಾರೆ. ಸುಮ್ನೆ ಮಾತು. ಬಸ್ ಖರ್ಚು ಉಳಿದರೆ ಪೇಟೆಯ ಅಂಗಡಿ ಕೆಲಸಕ್ಕೂ ಹೋಗಬಹುದು, ನಮ್ಮಲ್ಲಿಗೂ ಬರಬಹುದು. ಎಲ್ಲಿ ಜಾಸ್ತಿ ಸಿಗುತ್ತದೋ ಅಲ್ಲಿಗೆ ಹೋಗುತ್ತಾರೆ, ಅಷ್ಟೇ. ನರೇಗಾ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಅದಕ್ಕಿಂತ ಕಡಿಮೆ ಕೊಟ್ಟು ಆಳು ಬರಲ್ಲ ಅಂತ ದೂರುವವರ ಜೊತೆ ನಾನು ಮಾತಾಡಲ್ಲ. ಹಾಳೆ ತಟ್ಟೆ ಘಟಕದಲ್ಲಿದ್ದ ಇಬ್ಬರು ಈಗ ನಮ್ಮ ತಂಡದಲ್ಲಿದ್ದಾರೆ. 2025ರ ಮೇನಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಸುರಕ್ಷಿತವಲ್ಲ ಅಂದಮೇಲೆ ಅವರ ಘಟಕಕ್ಕೆ ಆರ್ಡರ್ ನಿಂತುಹೋಯಿತು. ಎಲ್ಲಿಯ ಅಮೆರಿಕ, ಎಲ್ಲಿಯ ನಮ್ಮ ಊರು.

ಹೊಸದಾಗಿ ತಂಡ ಕಟ್ಟುವವರು ದೋಟಿಯ ರೇಟು ಮಾತ್ರ ಕೇಳುತ್ತಾರೆ. ನಿಜವಾಗಿ ಕಷ್ಟವಾಗುವುದು ಬಟವಾಡೆ. ಯಜಮಾನರಿಗೆ ಅಡಿಕೆ ಮಾರಿದ ಮೇಲೆ ದುಡ್ಡು. ನಮ್ಮವರಿಗೆ ವಾರದ ಸಂತೆಗೇ ಬೇಕು. ನಡುವಿನ ಹಣ ನಾನು ಹಾಕಬೇಕು. ಅದಕ್ಕೆ ಕೊಯ್ಲು ಶುರು ಮಾಡುವ ದಿನ ಅರ್ಧ, ಬೇಯಿಸಿ ಒಣಗಿಸಿ ಕೊಟ್ಟ ದಿನ ಉಳಿದರ್ಧ ಅಂತ ಕರಾರು ಮಾಡಿಕೊಂಡೆ. ಈಗ ನಮ್ಮಲ್ಲೇ ಕಲಿತ ಇಬ್ಬರು ಹುಡುಗರು ಸ್ವಂತ ದೋಟಿ ಕೊಂಡು ಪಕ್ಕದ ಊರಲ್ಲಿ ಕೆಲಸ ಹಿಡಿದಿದ್ದಾರೆ. ಅವರಿಗೂ ಇದೇ ಕರಾರು ಹೇಳಿಕೊಟ್ಟಿದ್ದೇನೆ. ಅವರು ಮುಂಗಡ ಇಲ್ಲದೆ ಹೋದರೆ ನಾಳೆ ನನಗೂ ಯಾರೂ ಮುಂಗಡ ಕೊಡಲ್ಲ.