ಊರು ಬೇರೆ, ಭಾಷೆ ಬೇರೆ, ದೂರು ಒಂದೇ: ಮಹಿಳೆಯರ ಆನ್‌ಲೈನ್ ಬಳಗ ಕಟ್ಟುವುದು ಹೇಗೆ?

ಹತ್ತು ದೇಶದ ಹೆಂಗಸರನ್ನು ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಲು ಹತ್ತು ನಿಮಿಷ ಸಾಕು. ಮೂರು ತಿಂಗಳಾದ ಮೇಲೂ ಆ ಗುಂಪಿನಲ್ಲಿ ಮಾತು ನಡೆಯುತ್ತಿರಬೇಕು ಅಂದರೆ ಮಾತ್ರ ತುಂಬಾ ಕೆಲಸವಿದೆ. ಸಾಮಾನ್ಯವಾಗಿ ಏನಾಗುತ್ತದೆ? ಮೊದಲ ವಾರ ಪರಿಚಯ, ಎರಡನೇ ವಾರ ಶುಭೋದಯದ ಚಿತ್ರಗಳು, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಹಾಗಾಗಿ ಆ್ಯಪ್‌ ಆಮೇಲೆ, ಮೊದಲು ದೂರು. ‘ಮಹಿಳಾ ಸಬಲೀಕರಣ’ ಅಂತ ಹೆಸರಿಟ್ಟು ಶುರು ಮಾಡಬೇಡಿ, ಅದರಿಂದ ಯಾರಿಗೂ ನಾಳೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಎಲ್ಲ ಕಡೆಯ ಹೆಂಗಸರಿಗೂ ತಟ್ಟುವ ಒಂದೇ ಒಂದು ವಿಷಯ ಹಿಡಿಯಿರಿ. ಮನೆಕೆಲಸದ ಹೆಂಗಸರನ್ನು ನೋಡಿ. ನಾವೂ ಕಾರ್ಮಿಕರೇ, ನಮಗೂ ವಾರದ ರಜೆ ಬೇಕು ಅಂತ ಅವರು ಕೇಳಿದರು. ಹಲವು ದೇಶಗಳ ಸಂಘಟನೆಗಳು 2006ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೂತು ಮಾತಾಡಿದವು. 2011ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಕೆಲಸಗಾರರ ಹಕ್ಕುಗಳ ಕುರಿತ 189ನೇ ಒಪ್ಪಂದವನ್ನು ಅಂಗೀಕರಿಸಿತು, ವಾರಕ್ಕೆ ಕನಿಷ್ಠ 24 ಗಂಟೆ ಸತತ ಬಿಡುವು ಕೊಡಬೇಕು ಅಂತ ಅದರಲ್ಲೇ ಬರೆದಿದೆ. ಅದನ್ನು ಮೊದಲು ಅನುಮೋದಿಸಿದ ದೇಶ ಉರುಗ್ವೆ. 2013ರಲ್ಲಿ ಅದೇ ದೇಶದ ಮಾಂಟೆವಿಡಿಯೋದಲ್ಲಿ ಮನೆಕೆಲಸಗಾರರ ಜಾಗತಿಕ ಒಕ್ಕೂಟ ಹುಟ್ಟಿತು. ಬೇಡಿಕೆ ಅಷ್ಟು ಸ್ಪಷ್ಟವಾಗಿದ್ದರಿಂದಲೇ ಭಾಷೆ ಬೇರೆಯಾದರೂ ಎಲ್ಲರೂ ಒಂದೇ ಮಾತು ಆಡಲು ಆಯಿತು ಅಂತ ನನಗೆ ಅನ್ನಿಸುತ್ತದೆ.

ಇನ್ನು ಜನ. ಇಂಟರ್‌ನೆಟ್‌ನಲ್ಲಿ ಚೆನ್ನಾಗಿ ಬರೆಯುವವರನ್ನೇ ಹುಡುಕಿ ಸೇರಿಸಬೇಡಿ. ಈಗಾಗಲೇ ನೆಲದ ಮೇಲೆ ಕೆಲಸ ಮಾಡುತ್ತಿರುವ ಸಂಘ, ಯೂನಿಯನ್‌ಗಳ ಮೂಲಕ ಹೋಗಿ. ಪ್ರತಿ ಜಾಗದಿಂದ ಇಬ್ಬರಿರಲಿ. ಒಬ್ಬಳೇ ಇದ್ದರೆ ಅವಳಿಗೆ ಜ್ವರ ಬಂದ ದಿನ ಆ ಊರಿನ ಸಂಪರ್ಕವೇ ಕಡಿದುಹೋಗುತ್ತದೆ. ಶುರುವಿಗೆ ಎಂಟು-ಹತ್ತು ಮಂದಿ ಸಾಕು.

ನಾವೆಲ್ಲ ಎಡವುವುದು ಭಾಷೆಯಲ್ಲಿ. ಮೀಟಿಂಗ್ ಇಂಗ್ಲಿಷ್‌ನಲ್ಲೇ ನಡೆದರೆ ಇಂಗ್ಲಿಷ್ ಬಂದವರೇ ನಾಯಕಿಯರಾಗುತ್ತಾರೆ, ವಿಷಯ ಗೊತ್ತಿದ್ದವರು ಮೈಕ್ ಮ್ಯೂಟ್ ಮಾಡಿ ಸುಮ್ನೆ ಕೂರುತ್ತಾರೆ. ‘ಅಡ್ವೊಕೆಸಿ’ ಅನ್ನುವ ಪದವನ್ನೇ ತಗೊಳ್ಳಿ, ಅಂದರೆ ಒಂದು ಬೇಡಿಕೆಯ ಪರವಾಗಿ ಅಧಿಕಾರದಲ್ಲಿರುವವರ ಮುಂದೆ ದನಿ ಎತ್ತುವ ಕೆಲಸ. ಕನ್ನಡದಲ್ಲಿ ವಕಾಲತ್ತು ಅಂದರೆ ಕೋರ್ಟೇ ಕಣ್ಮುಂದೆ ಬರುತ್ತದೆ. ಫ್ರೆಂಚರು ‘ಪ್ಲೆದ್ವಾಯೆ’ ಅನ್ನುತ್ತಾರೆ, ಅದೂ ಕೋರ್ಟಿನ ವಾದದ ಪದವೇ. ಸ್ಪ್ಯಾನಿಷ್‌ನವರು ‘ಇನ್ಸಿಡೆನ್ಸಿಯಾ’ ಅನ್ನುತ್ತಾರೆ, ಅಂದರೆ ಪ್ರಭಾವ ಬೀರುವುದು. ಒಂದೇ ಕೆಲಸ, ಆದರೆ ಒಬ್ಬಳ ಮನಸ್ಸಿನಲ್ಲಿ ನ್ಯಾಯಾಧೀಶರು, ಇನ್ನೊಬ್ಬಳ ಮನಸ್ಸಿನಲ್ಲಿ ಮಂತ್ರಿ! ಅದಕ್ಕೇ ಮೊದಲ ಮೀಟಿಂಗ್‌ನಲ್ಲೇ ಮುಖ್ಯವಾದ ಹತ್ತು ಪದ ಬರೆದುಕೊಂಡು, ನಿಮ್ಮಲ್ಲಿ ಇದಕ್ಕೆ ಏನಂತೀರಿ ಅಂತ ಒಬ್ಬೊಬ್ಬರನ್ನೇ ಕೇಳಿ. ಆ ಒಂದು ಗಂಟೆ ದಂಡ ಅಲ್ಲ.

ಮಷೀನ್ ಅನುವಾದ ದಿನದ ಮಾತಿಗೆ ಸರಿ. ಯಾರದಾದರೂ ನೋವಿನ ಕಥೆಗೆ, ಅಧಿಕಾರಿಗೆ ಹೋಗುವ ಪತ್ರಕ್ಕೆ ಮಾತ್ರ ಎರಡೂ ಭಾಷೆ ಬಲ್ಲ ಹೆಂಗಸು ಕೂತು ಓದಲೇಬೇಕು, ಅವಳಿಗೆ ಸಂಬಳವನ್ನೂ ಕೊಡಬೇಕು. ಓದು-ಬರಹ ಬಾರದವರಿಗೆ ವಾಯ್ಸ್ ಮೆಸೇಜ್ ಇದೆ. ಎರಡು ನಿಮಿಷ ಮೀರದಿರಲಿ, ಅನುವಾದ ಮಾಡುವವಳಿಗೂ ಕಿವಿ ಒಂದೇ ಜೊತೆ ಅಲ್ವಾ?

ಸುರಕ್ಷತೆಯ ಮಾತಿಗೆ ಬರುತ್ತೇನೆ. ಒಮ್ಮೆ ನಮ್ಮ ಗುಂಪಿನಲ್ಲಿ ಒಬ್ಬಳು ಮೆರವಣಿಗೆಯ ಫೋಟೋ ಹಾಕಿದಳು. ಚೆನ್ನಾಗಿದೆ ಅಂತ ಇನ್ನೊಬ್ಬಳು ಖುಷಿಯಿಂದ ಅದನ್ನು ಹೊರಗೆ ಹಂಚಿಕೊಂಡಳು. ಮರುದಿನ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಬಂತು, ತುಂಬಾ ಮೆಲ್ಲಗಿನ ದನಿ: ‘ಮೂರನೇ ಸಾಲಿನಲ್ಲಿ ಹಳದಿ ಸ್ಕಾರ್ಫ್ ಹಾಕಿರೋದು ನಾನು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ದಯವಿಟ್ಟು ತೆಗೀರಿ.’ ತೆಗೆದೆವು, ಆದರೆ ಅಷ್ಟರಲ್ಲಿ ಅದು ಎಲ್ಲಿಗೆಲ್ಲ ಹೋಗಿತ್ತೋ. ಅವಳು ಆಮೇಲೆ ಗುಂಪಿಗೆ ಬರಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮವಿದೆ: ಫೋಟೋ, ಹೆಸರು, ಕಥೆ ಯಾವುದೇ ಆಗಲಿ, ಗುಂಪಿನಲ್ಲಿ ಹಂಚಲು ಒಂದು ಸಲ ಕೇಳಬೇಕು, ಹೊರಗೆ ಹಾಕುವ ಮೊದಲು ಮತ್ತೆ ಕೇಳಬೇಕು, ‘ಬೇಡ’ ಅಂದವಳು ಕಾರಣ ಹೇಳಬೇಕಾಗಿಲ್ಲ.

ಆ್ಯಪ್ ಆರಿಸುವಾಗಲೂ ಇದೇ ಯೋಚನೆ ಇರಲಿ. ಸಾಮಾನ್ಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ನಂಬರ್ ಉಳಿದವರಿಗೂ ಕಾಣಬಹುದು. ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪ್‌ನಲ್ಲಿ 2024ರಿಂದ ಯೂಸರ್‌ನೇಮ್ ಇಟ್ಟುಕೊಂಡು ನಂಬರ್ ಮುಚ್ಚಿಡಬಹುದು, ಮೆಸೇಜ್‌ಗಳು ತಾವಾಗಿ ಅಳಿಸಿಹೋಗುವಂತೆಯೂ ಮಾಡಬಹುದು. ಎಷ್ಟೋ ಹೆಂಗಸರಿಗೆ ಸ್ವಂತ ಫೋನೇ ಇರುವುದಿಲ್ಲ, ಗಂಡನದೋ ಮಗನದೋ ಬಳಸುತ್ತಾರೆ. ಅದನ್ನು ಮೊದಲೇ ಕೇಳಿ, ಲಾಕ್ ಸ್ಕ್ರೀನ್ ಮೇಲೆ ಮೆಸೇಜ್ ಕಾಣದ ಹಾಗೆ ಮಾಡುವುದನ್ನು ಹೇಳಿಕೊಡಿ.

ಸಮಯದ್ದು ಚಿಕ್ಕ ವಿಷಯ ಅನ್ನಿಸಬಹುದು, ಗುಂಪು ಒಡೆಯಲು ಅದೂ ಸಾಕು. ನೇಪಾಳದ ಗಡಿಯಾರ ಜಾಗತಿಕ ಸಮಯಕ್ಕಿಂತ 5 ಗಂಟೆ 45 ನಿಮಿಷ ಮುಂದಿದೆ, ಹಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿದ್ದುತ್ತಾರೆ. ಮೀಟಿಂಗ್ ಸಮಯವನ್ನು ಪ್ರತಿ ಊರಿನ ಗಂಟೆಯಲ್ಲೂ ಬರೆದು ಕಳಿಸಿ. ನಡುರಾತ್ರಿ ಏಳುವ ಸರದಿ ತಿರುಗುತ್ತಾ ಇರಲಿ, ಯಾವಾಗಲೂ ಒಂದೇ ಊರಿನವರು ಏಳುವುದು ಅನ್ಯಾಯ.

ದೂರನ್ನು ಎಲ್ಲಿಗೆ ಒಯ್ಯುವುದು? ಮೊದಲು ಅವರವರ ಊರಿನ ಆಡಳಿತಕ್ಕೆ, ಒಂದೇ ವಾರದಲ್ಲಿ, ಒಂದೇ ಬೇಡಿಕೆ ಇಟ್ಟು. ಮೇಲೆ ಇನ್ನೊಂದು ದಾರಿಯೂ ಇದೆ. ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ, ‘ಸೀಡಾ’ ಅಂತ ಕರೆಯುವ ಮಹಿಳಾ ಹಕ್ಕುಗಳ ಒಪ್ಪಂದವನ್ನು ಒಪ್ಪಿದ ದೇಶಗಳು ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಆಗ ಆ ವರದಿಯನ್ನು ಪರಿಶೀಲಿಸುವ 23 ತಜ್ಞರ ಸಮಿತಿಗೆ ಮಹಿಳಾ ಸಂಘಟನೆಗಳೂ ತಮ್ಮದೇ ವರದಿ ಕಳಿಸಬಹುದು. ನಿಮ್ಮ ಬಳಗದ ಯಾವ ದೇಶದ ಸರದಿ ಮುಂದೆ ಬರುತ್ತದೆ ನೋಡಿ, ಉಳಿದವರು ಆ ದೇಶದವರಿಗೆ ಹೆಗಲು ಕೊಡಿ.

ಪತ್ರ ಹೋಯಿತು ಅಂತ ಸುಮ್ಮನಾಗಬೇಡಿ. ಉತ್ತರ ಬಂದರೆ ಅವತ್ತೇ ಎಲ್ಲ ಭಾಷೆಯಲ್ಲೂ ಗುಂಪಿಗೆ ಹಾಕಿ. ಬರದಿದ್ದರೆ ‘ಇನ್ನೂ ಬಂದಿಲ್ಲ, ಸೋಮವಾರ ಮತ್ತೆ ಕೇಳುತ್ತೇವೆ’ ಅಂತ ಹಾಕಿ. ತನ್ನ ಕಥೆ ಕೊಟ್ಟವಳು ಎಲ್ಲೋ ಕೂತು ಫೋನ್ ನೋಡುತ್ತಿರುತ್ತಾಳೆ.