ಸಿಲ್ವರ್ ಬುಡದಲ್ಲಿ ಹಲಸು ಎಬ್ಬಿಸಿದ್ದು: ನನ್ನ ಅನುಭವ

ಸಕಲೇಶಪುರ ತಾಲ್ಲೂಕು ಹಾನುಬಾಳು ಕಡೆಯ ನಮ್ಮ ಕಾಫಿ ತೋಟದಲ್ಲಿ ಪಡುವಣ ಇಳಿಜಾರಿನ ಎರಡೆಕರೆ ಪಟ್ಟೆ ಈಗ ಪೂರ್ತಿ ಹಲಸಿನ ನೆರಳಲ್ಲಿದೆ. ಹದಿನೈದು ವರ್ಷದ ಹಿಂದೆ ಅಲ್ಲಿದ್ದದ್ದು ಬರೀ ಸಿಲ್ವರ್, ಅಂದರೆ ಕಾಫಿಗೆ ನೆರಳಾಗಿ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ಬೆಳೆಸುವ ಸಿಲ್ವರ್ ಓಕ್ ಮರ. ಈ ಬದಲಾವಣೆಯ ನಡುವೆ ಮೆಣಸಿನ ಫಸಲು ಪೂರ್ತಿ ಕೈತಪ್ಪಿದ ವರ್ಷ ಒಂದೂ ಇಲ್ಲ, ಕಾಫಿ ಬಯಲಿಗೆ ಬಿದ್ದದ್ದೂ ಇಲ್ಲ. ಶುರು ಮಾಡಿದಾಗ 'ಗೌಡ್ರೆ, ಹಲಸು ಹಾಕಿ ಆನೆ ಕರೀತೀರಲ್ಲ' ಅಂದವರೇ ಈಗ ಬೀಜ ಕೇಳಿಕೊಂಡು ಬರುತ್ತಾರೆ.

ಸಿಲ್ವರ್ ಕೆಟ್ಟ ಮರ ಅಂತ ನಾನು ಹೇಳುವುದಿಲ್ಲ. ನೆಟ್ಟ ಮೂರು ನಾಲ್ಕು ವರ್ಷಕ್ಕೆ ಬಳ್ಳಿ ಹತ್ತಿಸಬಹುದು. ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಿಲ್ಲ, ಪ್ಲೈವುಡ್ ವ್ಯಾಪಾರಿಗಳು ತೋಟಕ್ಕೇ ಬರುತ್ತಾರೆ. ಮಗಳ ಮದುವೆಗೋ ಬ್ಯಾಂಕಿನ ಕಂತಿಗೋ ಆಗುವ ಮರ ಅದು. ಆದರೆ ಪಡುವಣ ಬಿಸಿಲು ಹೊಡೆಯುವ ಜಾಗದಲ್ಲಿ ಬೇಸಿಗೆಗೆ ಅದರ ಎಲೆ ತೆಳುವಾಗುತ್ತದೆ. ಏಪ್ರಿಲ್-ಮೇ ತಿಂಗಳು ಕಾಫಿಯ ಕಾಂಡ ಕೊರೆಯುವ ಬೋರರ್ ದುಂಬಿ ಹಾರುವ ಕಾಲ, ಅರೇಬಿಕಾ ಕಾಫಿಗೆ ನೆರಳು ಬೇಕಾದದ್ದೇ ಆಗ. ಆ ಪಟ್ಟೆಯಲ್ಲಿ ಪ್ರತಿವರ್ಷ ಬೋರರ್ ಹಿಡಿದ ಗಿಡ ಕಿತ್ತು ಸುಟ್ಟು ಸಾಕಾಗಿತ್ತು. ಉದುರಿದ ಎಲೆಯ ದರಗು ಕೆದಕಿ ನೋಡಿದರೂ ವ್ಯತ್ಯಾಸ ಕಾಣುತ್ತದೆ. ಸಿಲ್ವರ್ ಕೆಳಗೆ ಹೋದ ವರ್ಷದ ಎಲೆ ಇನ್ನೂ ನಾರುನಾರಾಗಿ ಹಾಗೇ ಕೂತಿರುತ್ತದೆ. ಹಲಸಿನ ಕೆಳಗೆ ಮೇಲಿನ ಒಣ ಎಲೆ ಎತ್ತಿದರೆ ಅದರ ತಳಕ್ಕೆ ಕಪ್ಪು ಮಣ್ಣು ಅಂಟಿಕೊಂಡು ಬರುತ್ತದೆ, ಆ ಮಣ್ಣಿನೊಳಗೆ ಕಾಫಿಯ ಬಿಳೀ ಬೇರು ಹೆಣೆದುಕೊಂಡಿರುತ್ತದೆ.

ಮೊದಲು ನರ್ಸರಿಯಿಂದ ಪಾಲಿಥಿನ್ ಚೀಲದ ಹಲಸಿನ ಗಿಡ ತಂದೆ, ಗಿಡಕ್ಕೆ ಮೂವತ್ತು ರೂಪಾಯಿ ಆಸುಪಾಸು. ಎರಡು ಮಳೆಗಾಲ ಕಳೆದರೂ ಮೊಣಕಾಲು ದಾಟಲಿಲ್ಲ. ಒಂದನ್ನು ಕಿತ್ತು ನೋಡಿದರೆ ತಾಯಿಬೇರು ಚೀಲದ ತಳದಲ್ಲಿ ಬಳೆಯ ಹಾಗೆ ಸುತ್ತಿಕೊಂಡು ನಿಂತಿತ್ತು. ಆ ದುಡ್ಡು, ಗುಂಡಿ ತೆಗೆದ ಆಳಿನ ಸಂಬಳ, ಎಲ್ಲ ಹೋಯಿತು. ಆಮೇಲಿನಿಂದ ಬೀಜವನ್ನೇ ಜಾಗದಲ್ಲಿ ಹಾಕಿದೆ. ಹಲಸಿನ ಬೀಜ ಒಣಗಿದರೆ ಮುಗಿಯಿತು. ಹಣ್ಣು ಕೊಯ್ದ ವಾರದೊಳಗೆ ಲೋಳೆ ತೊಳೆದು, ಬೂದಿಯಲ್ಲಿ ಹೊರಳಿಸಿ, ಗುಂಡಿಗೆ ಮೂರರಂತೆ ಹಾಕಬೇಕು. ಮೊದಲ ಸಲ ಹಾಕಿದ್ದನ್ನೆಲ್ಲ ಕಾಡುಹಂದಿ ಮತ್ತು ಮುಳ್ಳುಹಂದಿ ಸೇರಿ ತೋಡಿ ತಿಂದವು. ತಂತಿಬಲೆ ಕಟ್ಟಿದರೆ ಗಿಡದ ಹತ್ತರಷ್ಟು ಖರ್ಚು, ಬಿದಿರು ಮುಳ್ಳು ಅರ್ಧ ಕೆಲಸ ಮಾಡಿತು. ಕೊನೆಗೆ ಗೆದ್ದ ಉಪಾಯ ಬೇರೆಯೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಬೀಜ ಹಾಕಿದ್ದು ಪ್ರತಿ ಸಿಲ್ವರ್ ಬುಡದಿಂದ ಮೂಡಣಕ್ಕೆ ನಾಲ್ಕೈದು ಅಡಿ ದೂರದಲ್ಲಿ. ಮಧ್ಯಾಹ್ನದ ಬಿಸಿಲನ್ನು ಸಿಲ್ವರ್ ತಡೆಯಿತು. ಹಲಸು ಕೆಳಗೇ ಕೊಂಬೆ ಒಡೆಯಲು ನೋಡುತ್ತದೆ. ಹೆಬ್ಬೆರಳು ಗಾತ್ರವಿರುವಾಗಲೇ ತೆಗೆದು ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ) ಹಚ್ಚುತ್ತಾ ಬಂದರೆ ಹದಿನೈದು ಅಡಿವರೆಗೆ ಕಂಬದಂಥ ಕಾಂಡ ಸಿಗುತ್ತದೆ. ಕೊಂಬೆ ದಪ್ಪವಾದ ಮೇಲೆ ಕಡಿದರೆ ಗಾಯ ಮುಚ್ಚುವುದಿಲ್ಲ.

ಆರೇಳು ವರ್ಷಕ್ಕೆ ಹಲಸು ಬಳ್ಳಿ ಹೊರುವ ಹಾಗಾಯಿತು. ಹೊಸ ಬಳ್ಳಿ ನೆಟ್ಟು ಮತ್ತೆ ಮೂರು ವರ್ಷ ಕಾಯುವ ಮನಸ್ಸು ನನಗಿರಲಿಲ್ಲ. ಸಿಲ್ವರ್ ಮೇಲಿನ ಪಣಿಯೂರು ತಳಿಯ ಮೆಣಸಿನ ಬಳ್ಳಿಯ ಬುಡದಲ್ಲಿ ಹೊರಡುವ ಹಬ್ಬುಬಳ್ಳಿಯನ್ನು ನಾವೆಲ್ಲ ಕಟ್ಟಿಟ್ಟು ಕಡ್ಡಿ ಮಾಡಿ ಮಾರುತ್ತೇವೆ. ನಾನು ಅದನ್ನು ಜೂನ್ ಮಳೆಗೆ ನೆಲದ ಮೇಲೇ ಬೆರಳಾಳದ ಕಾಲುವೆ ತೋಡಿ ಹಲಸಿನ ಬುಡಕ್ಕೆ ಎಳೆದೆ. ಗಂಟುಗಳ ಮೇಲೆ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ಬೆರೆಸಿದ ಸಗಣಿಗೊಬ್ಬರ, ಮಣ್ಣು. ಹಲಸಿನ ಒರಟು ತೊಗಟೆಗೆ ಬೇರು ತಾನಾಗಿ ಕಚ್ಚಿಕೊಂಡಿತು. ಎರಡನೇ ಮಳೆಗಾಲ ಮುಗಿಯುವವರೆಗೆ ತಾಯಿಬಳ್ಳಿಯಿಂದ ಬಿಡಿಸಲಿಲ್ಲ. ಕೆಲಸ ಕೈಹಿಡಿದದ್ದು ಇದರಿಂದ. 2018, 2019ರ ಆಗಸ್ಟ್ ಮಳೆಗೆ ಸೊರಗುರೋಗ ಬಂದು ಸಿಲ್ವರ್ ಮೇಲಿನ ಬಳ್ಳಿ ಕಾಲುಭಾಗ ಹೋದವು. ಹಲಸಿಗೆ ದಾಟಿದವು ಹೆಚ್ಚಿನವು ಉಳಿದವು. ಕಪ್ಪು ಮಣ್ಣಿನಿಂದಲೋ ಗಂಟಿನಲ್ಲಿ ಬಿಟ್ಟ ಹೊಸ ಬೇರಿನಿಂದಲೋ, ನನಗೆ ಉಳಿದದ್ದು ಮುಖ್ಯ.

ಸಿಲ್ವರ್ ಕಡಿದದ್ದು ಮೂರು ಕಂತಿನಲ್ಲಿ. 'ಕಾಫಿ ಮೇಲೆ ಮರ ಕೆಡವಿದರೆ ಏನು ಉಳಿಯುತ್ತೆ' ಅಂತ ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಕೂಡ ತಕರಾರು ತೆಗೆದ. ಮೇಲೆ ಹತ್ತಿ ತಲೆ ಇಳಿಸಿ, ಹಗ್ಗ ಕಟ್ಟಿ ತುಂಡುತುಂಡಾಗಿ ಇಳಿಸಿದರೆ ಮರಕ್ಕೆ ನಾನೂರು ಐನೂರು ಹೆಚ್ಚು ಖರ್ಚು ಬರುತ್ತದೆ, ಆದರೆ ಮುರಿದ ಕಾಫಿ ಗಿಡ ಬೆರಳೆಣಿಕೆಯವು. ಮೊದಲ ಕಂತನ್ನು ಒಬ್ಬ ವ್ಯಾಪಾರಿ ಕಣ್ಣಳತೆಯಲ್ಲಿ ಮರಕ್ಕೆ ಎರಡೂವರೆ ಸಾವಿರದ ಹಾಗೆ ಒಯ್ದ. ಮುಂದಿನದನ್ನು ಟೇಪು ಹಿಡಿದು ಸುತ್ತಳತೆ ಬರೆದಿಟ್ಟು ಮಾರಿದೆ, ಹತ್ತಿರ ಹತ್ತಿರ ನಾಲ್ಕು ಸಾವಿರ ಸಿಕ್ಕಿತು. ಕಡಿದ ಮರದ ಕುತ್ತಿ ಹಾಗೇ ಬಿಡಬೇಡಿ, ಬೇರುಕೊಳೆ ಅಲ್ಲಿಂದಲೇ ಕಾಫಿಗೆ ಹಬ್ಬುತ್ತದೆ. ಕಡಿಯುವ ಮೊದಲೇ ಬುಡದ ತೊಗಟೆಯನ್ನು ಉಂಗುರದಂತೆ ಸುಲಿದಿಡುವುದು ಒಳ್ಳೆಯದು.

ಈಗ ಆನೆ ವಿಷಯ. ಹಣ್ಣಿನ ವಾಸನೆಗೆ ಆನೆ ಬರುವುದು ನಿಜ, ಅದಕ್ಕೇ ನಾನು ಹಣ್ಣಾಗಲು ಬಿಡುವುದಿಲ್ಲ. ಫೆಬ್ರುವರಿ-ಮಾರ್ಚ್‌ನಲ್ಲಿ ತೆಂಗಿನಕಾಯಿ ಗಾತ್ರ ಬಂದಾಗಲೇ ಅಷ್ಟನ್ನೂ ಕೊಯ್ಯುತ್ತೇವೆ. ಬಳ್ಳಿ ಕೆಳಗೆ ಹಲಸು ಬಲಿತರೆ ಅದರ ಭಾರಕ್ಕೆ ಬಳ್ಳಿಯೂ ಹರಿದು ಬರುತ್ತದೆ, ಹಾಗಾಗಿ ಈ ಕೊಯ್ಲು ಹೇಗೂ ಆಗಲೇಬೇಕು. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರದಿದ್ದರೆ ಮೇಣ ಸಂಜೆವರೆಗೂ ಬಿಡುವುದಿಲ್ಲ. ಎಳೆಕಾಯಿ ಮಂಗಳೂರು ಕಡೆಗೆ ಗುಜ್ಜೆ ಅಂತ ಹೋಗುತ್ತದೆ, ಕಿಲೋಗೆ ಹದಿನೈದು ಇಪ್ಪತ್ತು. ಮೆಣಸು ಮುನ್ನೂರರ ಆಸುಪಾಸಿಗೆ ಬಿದ್ದ ವರ್ಷಗಳಲ್ಲಿ ಮರಗಸಿಯ (ನೆರಳಿನ ಮರದ ಕೊಂಬೆ ಸವರುವ) ಕೂಲಿ ಈ ದುಡ್ಡಿನಲ್ಲೇ ಹುಟ್ಟಿತು. ಆನೆ ಈಗಲೂ ಹಾದು ಹೋಗುತ್ತವೆ, ಅವುಗಳ ದಾರಿಯೇ ಅದು. ನಿಂತು ಮರ ಅಲುಗಿಸುವುದಿಲ್ಲ.

ಹಲಸಿನ ನೆರಳು ದಟ್ಟ, ಅದು ಸುಳ್ಳಲ್ಲ. ಮೇ ಕೊನೆಯಲ್ಲಿ ಮೂಡಣ ಮಗ್ಗುಲು ತೆರೆದು ಮರಗಸಿ ಮಾಡದಿದ್ದರೆ ಕಾಫಿಗೆ ಕೊಳೆರೋಗ ಬರುತ್ತದೆ, ಮೆಣಸಿನ ತೆನೆಯೂ ಕಡಿಮೆ. ನನಗೆ ಮರಗಸಿ ಒಂದು ವರ್ಷ ಬಿಟ್ಟು ಒಂದು ವರ್ಷ ಮಾಡಿದರೆ ಸಾಕಾಗಿದೆ. ಸಿಲ್ವರ್‌ಗೆ ಪ್ರತಿವರ್ಷ ಆಳು ಹತ್ತಿಸುತ್ತಿದ್ದೆ. ಬಳ್ಳಿಯನ್ನು ಇಪ್ಪತ್ತು ಅಡಿಗೆ ಚಿವುಟಿ ನಿಲ್ಲಿಸಿದ್ದೇನೆ. ಸಿಲ್ವರ್ ಮೇಲೆ ಐವತ್ತು ಅಡಿ ಹೋದ ಮೆಣಸು ಹಕ್ಕಿಗೆ ಸೇರುತ್ತಿತ್ತು, ಏಣಿಯೂ ಅಷ್ಟೇ ಉದ್ದ ಬೇಕಿತ್ತು. ಅಲ್ಯುಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ನಮ್ಮ ಮಲೆನಾಡಿನಲ್ಲಿ ಎಷ್ಟು ಜೀವ ಹೋಗಿವೆ! ತಂತಿ ಹಾದ ಕಡೆ ದಯವಿಟ್ಟು ಅದನ್ನು ಬಳಸಬೇಡಿ. ಈಗ ಬಳ್ಳಿಗೆ ಒಣಗಿದ ಕಾಳುಮೆಣಸು ಸರಾಸರಿ ಮೂರು ಕಿಲೋ ಮೇಲೆ ಬರುತ್ತಿದೆ. ಸಿಲ್ವರ್‌ನಲ್ಲಿ ಎರಡು ಬಂದರೆ ದೊಡ್ಡದು.

ಮನೆ ಹಿಂದೆ ತುಮಕೂರು ಕಡೆಯ ಸಿದ್ದು ಹಲಸಿನ ಕಸಿಗಿಡವನ್ನೂ ಹಾಕಿ ನೋಡಿದೆ. ತಾಮ್ರಬಣ್ಣದ ತೊಳೆ, ರುಚಿಗೆ ಸಾಟಿಯಿಲ್ಲ. ಕಸಿಗಿಡ ಕೆಳಗೇ ಕವಲೊಡೆಯುತ್ತದೆ, ಮೆಣಸಿಗೆ ಆಗುವುದಿಲ್ಲ. ಬಳ್ಳಿಗೆ ಕಾಡುಮೇಡಿನ ಬಕ್ಕೆ (ಗಟ್ಟಿ ತೊಳೆಯ) ಹಲಸಿನ ಬೀಜವೇ ಸರಿ. ಯಾವ ಮರದ ಬೀಜ ಆರಿಸಬೇಕು ಅನ್ನುವುದಕ್ಕೂ ನನ್ನದೊಂದು ಲೆಕ್ಕವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ತೋಟ ಪೂರ್ತಿ ಹೀಗೆ ಮಾಡುವುದಿಲ್ಲ. ಮೂಡಣ ಇಳಿಜಾರು, ರಸ್ತೆ ಬದಿಯ ಬೇಲಿಸಾಲಿನಲ್ಲಿ ಸಿಲ್ವರ್ ಹಾಗೇ ಇರುತ್ತದೆ, ಲಾರಿ ಹತ್ತಿರ ಬರುವ ಜಾಗ ಅದು. ಮುಂದಿನ ಜೂನ್‌ಗೆ ಕೆರೆ ಮೇಲಿನ ಪಟ್ಟೆಗೆ ಬೀಜ ಹಾಕುತ್ತಿದ್ದೇನೆ.